ಪರದೆಯ ಮೇಲೆ ಬಾರದ ಹೆಸರು

"ಈ ಮಾತನ್ನ ಕೊಂದಿದ್ದು ನೀವೇನಾ?"

ಬಾಗಿಲು ತಟ್ಟದೆ ಒಳನುಗ್ಗಿದ ರಾಲ್ಫ್ ಗಾರ್‌ಸೈಡ್, ತನ್ನ ಚಿತ್ರಕಥೆಯ ಹಾಳೆಗಳನ್ನು ಈನಿಡ್‌ಳ ಮೇಜಿನ ಮೇಲೆ ಎಸೆದ. ಅವಳೇ ಕೆಂಪು ಶಾಯಿಯಲ್ಲಿ ಗೀಟು ಹಾಕಿದ ಹಾಳೆಗಳು.

ಈನಿಡ್ ತಲೆ ಎತ್ತಲಿಲ್ಲ. "ನಾನು ಕೊಲ್ಲಲಿಲ್ಲ. ನನ್ನ ಮೇಜಿಗೆ ಬರುವಾಗ್ಲೇ ಅದು ಸತ್ತಿತ್ತು."

ಜಗಳಕ್ಕೆ ಬಂದವನು ನಕ್ಕುಬಿಟ್ಟ.

ಯುದ್ಧ ಮುಗಿದು ಏಳು ವರ್ಷವಾಗಿದ್ದರೂ ಲಂಡನ್ನಿನಲ್ಲಿ ಸಕ್ಕರೆ ಇನ್ನೂ ರೇಷನ್ನಿನಲ್ಲೇ ಇತ್ತು. ಊರಾಚೆಯ ಆ ಸ್ಟುಡಿಯೋದಲ್ಲಿ ಈನಿಡ್ ಥಾರ್ಲಿಗೆ ಸಿಗುತ್ತಿದ್ದ ಕೆಲಸ ಒಂದೇ: ಗಂಡಸರು ಬರೆದ ಚಿತ್ರಕಥೆಗಳಲ್ಲಿ ಹೆಂಗಸರ ಮಾತು ತಿದ್ದುವುದು. ವಯಸ್ಸು ನಲವತ್ತು ದಾಟಿತ್ತು. ಪರದೆಯ ಮೇಲೆ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ. ಕೇಳಿ ಕೇಳಿ ಸಾಕಾಗಿ, ಕೇಳುವುದನ್ನೇ ಬಿಟ್ಟಿದ್ದಳು.

ಆ ಚಳಿಗಾಲವಿಡೀ ಇಬ್ಬರೂ ಜೊತೆಗೆ ಕೂತು ಬರೆದರು. ಅವನು ನಾಯಕನ ಮಾತು ಓದುತ್ತಿದ್ದ, ಅವಳು ನಾಯಕಿಯದು. ತನ್ನ ಪಾಲಿನ ಸಕ್ಕರೆಯನ್ನೂ ಅವನು ಅವಳ ಚಹಾಕ್ಕೇ ಹಾಕಿಬಿಡುತ್ತಿದ್ದ.

'ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ನಿನಗೆ...' ಎಂದು ತನ್ನನ್ನೇ ಗದರಿಕೊಂಡರೂ, ಈನಿಡ್ ದಿನಾ ಬೆಳಿಗ್ಗೆ ಅವನ ಹೆಜ್ಜೆ ಸಪ್ಪಳಕ್ಕೆ ಕಾಯುತ್ತಿದ್ದಳು. ಈ ಸಲ ಇಬ್ಬರ ಹೆಸರೂ ಬರುತ್ತದೆ ಎಂದು ಅವನು ಮಾತು ಕೊಟ್ಟಿದ್ದ.

ಚಿತ್ರ ತೆರೆಕಂಡಿತು. ಪರದೆಯ ಮೇಲೆ ಮೂಡಿದ್ದು ಅವನೊಬ್ಬನ ಹೆಸರು.

'ಇವನೂ ಉಳಿದ ಗಂಡಸರ ಹಾಗೇ...'

ಈನಿಡ್ ಕತ್ತಲಲ್ಲೇ ಎದ್ದು ಹೊರಬಂದಳು. ಮರುದಿನ ಅವನು ಮನೆಗೆ ಬಂದು ಎಷ್ಟು ತಟ್ಟಿದರೂ ಬಾಗಿಲು ತೆರೆಯಲಿಲ್ಲ. ಬೇರೆ ಸ್ಟುಡಿಯೋ ಸೇರಿ, ಇನ್ನೂ ಮೂರು ವರ್ಷ ಬೇರೆಯವರ ಮಾತು ತಿದ್ದಿದಳು.

ಒಂದು ಮಧ್ಯಾಹ್ನ ಅಲ್ಲಿನ ಕ್ಯಾಂಟೀನಿನಲ್ಲಿ ಹಳೆಯ ಸ್ಟುಡಿಯೋದ ದರ್ಜಿ ಡಾಟ್ ಎದುರಾದಳು. ಮಾತಿನ ನಡುವೆ ರಾಲ್ಫ್‌ನ ಹೆಸರು ಬಂದದ್ದೇ ಈನಿಡ್ ಮುಖ ತಿರುಗಿಸಿದಳು.

"ಅಯ್ಯೋ, ನಿಂಗೆ ಗೊತ್ತೇ ಇಲ್ವೇನೇ? ನಿನ್ನ ಹೆಸರು ಹಾಕ್ಲಿಲ್ಲ ಅಂತ ಅವನು ನಿರ್ಮಾಪಕರ ಕೊರಳಪಟ್ಟೀನೇ ಹಿಡಿದುಬಿಟ್ಟ. ಅವತ್ತಿಂದ ಯಾರೂ ಅವನಿಗೆ ಕೆಲಸ ಕೊಟ್ಟಿಲ್ಲ."

ಅವನೀಗ ದೂರದ ಲೀಡ್ಸ್ ಊರಿನಲ್ಲಿ ಶಾಲೆಯ ಮೇಷ್ಟರಂತೆ. ಈನಿಡ್ ಶನಿವಾರದ ರೈಲು ಹತ್ತಿದಳು.

ಬಾಗಿಲು ತೆರೆದವನ ತಲೆ ನರೆತಿತ್ತು. ಸ್ವೆಟರಿನ ಮೊಣಕೈ ಹರಿದಿತ್ತು.

"ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ, ಋಣ ಅಂದ್ಕೊಂಡು ಬಾಗಿಲು ತೆಗೀತಿದ್ರಿ. ನಂಗೆ ಋಣ ಬೇಡವಾಗಿತ್ತು ಈನಿಡ್... ನೀವು ಬೇಕಾಗಿತ್ತು."

ಎಷ್ಟೋ ನಾಯಕಿಯರ ಬಾಯಿಗೆ ಇಂಥ ಗಳಿಗೆಯ ಮಾತು ಕೊಟ್ಟವಳಿಗೆ ಈಗ ಒಂದೂ ಹೊಳೆಯಲಿಲ್ಲ.

"ತುಂಬಾ ದಣಿದಿದ್ದೀನಿ ರಾಲ್ಫ್. ಚೆಂದದ ಮಾತೆಲ್ಲ ಖಾಲಿಯಾಗಿದೆ. ಆದ್ರೆ... ವಾಪಸ್ ಹೋಗೋಕೆ ಮನಸ್ಸಿಲ್ಲ."

ರಾಲ್ಫ್ ಅವಳ ಒದ್ದೆ ಕೋಟನ್ನು ತೆಗೆದುಕೊಂಡು ಗೂಟಕ್ಕೆ ಹಾಕಿದ. ಬೆಂಕಿಯ ಪಕ್ಕಕ್ಕೆ ಕುರ್ಚಿ ಎಳೆದ.

"ಮಾತು ಬೇಡ. ಬಾ, ಕೂತ್ಕೋ."