ಲೂಡೊವಿಕ್‌ನ ಹಿಂದಿನ ಚಕ್ರ

ಸೈಕಲ್ ಗೆರೆ ದಾಟಿತು. ತಪಾಸಣೆ ನನ್ನ ಕೆಲಸ; ಮತ್ತೊಮ್ಮೆ ಅಳೆದೆ — ಅರ್ಧ ಮೀಟರಿಗೂ ಹೆಚ್ಚು.

ಹದಿಹರೆಯದ ಸವಾರರು ಭಾರದ ಗೇರ್ ಬಳಸುವಂತಿರಲಿಲ್ಲ. ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಈ ಗೆರೆಯೊಳಗೇ ನಿಲ್ಲಬೇಕು. ಕೆನಡಾದ ಅಬಿಟಿಬಿಯ ಕಾಡುರಸ್ತೆಗಳಲ್ಲಿ ಆರು ದಿನ, ಏಳು ಹಂತಗಳ ಸೈಕಲ್ ಓಟ. ನಾಲ್ಕೇ ಸೆಕೆಂಡಿನಿಂದ ಗೆದ್ದ ಲೂಡೊವಿಕ್‌ನ ಸೈಕಲ್ ಗೆರೆಯಾಚೆ ನಿಂತಿತ್ತು. ಇನ್ನು ಅವನ ಗೆಲುವೂ ಇಲ್ಲ, ಹೆಸರೂ ಇಲ್ಲ.

ಮುಖ್ಯ ತೀರ್ಪುಗಾರ್ತಿ ಗಿಸ್ಲೇನ್ ಬಂದು ಮಂಡಿಯೂರಿ ಹಿಂದಿನ ಚಕ್ರ ನೋಡಿದರು.

"ಇವತ್ತು ಇವನು ಬಿದ್ದನಲ್ಲ, ಯಾವ ಕಡೆಗೆ?"

"ಬಲಕ್ಕೆ. ಜಲ್ಲಿರಸ್ತೆಯಲ್ಲಿ."

ಹ್ಯಾಂಡಲ್, ಪೆಡಲ್ ಎರಡೂ ಆ ಬದಿಗೆ ತರಚಿದ್ದವು.

"ಈ ಚಕ್ರದ ನಟ್ಟಿಗೆ ಒಂದು ಗೀರೂ ಇಲ್ಲ ನೋಡು. ಮೇಲಿಂದ ಕೆಸರು ಬಳಿದಿದಾರೆ, ಅಷ್ಟೆ. ಓಟ ಮುಗಿದ ಮೇಲೆ ಯಾರೋ ಚಕ್ರ ಬದಲಾಯಿಸಿದಾರೆ."

ನನ್ನ ಬಳಿ ಬರುವ ಮುಂಚೆ ಸೈಕಲ್ ಹತ್ತು ನಿಮಿಷ ತಂಡದ ವ್ಯಾನಿಗೆ ಒರಗಿತ್ತು. ಭಾರದ ಗೇರಿನ ಅಭ್ಯಾಸದ ಚಕ್ರಗಳು ಇದ್ದದ್ದು ಅದರೊಳಗೇ. ಆಗ ಅಲ್ಲಿದ್ದವರು ಮೂವರು — ಲೂಡೊವಿಕ್, ಮೆಕ್ಯಾನಿಕ್ ರೆಜಾನ್, ಕೈಕುಲುಕಲು ಬಂದಿದ್ದ ಎರಡನೇ ಸ್ಥಾನದ ಎಮೆರಿಕ್. ಮೂವರನ್ನೂ ಕರೆಸಿದೆವು.

"ನಾನು ಗ್ರೇವಿ ಸುರಿದ ಆಲೂ ಪುಟೀನ್ ತಿಂತಿದ್ದೆ ಮದಾಮ್" ಎಂದ ರೆಜಾನ್. "ಸಾಕ್ಷಿ ಬೇಕಾದ್ರೆ ಅಂಗಿ ಮೇಲೆ ಚೆಲ್ಲಿದೆ ನೋಡಿ."

ಅವನ ಕೈ ಸ್ವಚ್ಛವಾಗಿತ್ತು. ಎಮೆರಿಕ್‌ನ ಬೆರಳುಗಳು ಮಾತ್ರ ಚೈನಿನ ಎಣ್ಣೆಯಿಂದ ಕಪ್ಪಾಗಿದ್ದವು.

"ಸಿಕ್ಕಿಬಿದ್ದ" ಎಂದು ರೆಜಾನ್ ಗೊಣಗಿದ.

ಗಿಸ್ಲೇನ್ ಕೇಳಿದರು: "ಈ ಎಣ್ಣೆ ಎಲ್ಲಿಂದ ಬಂತಪ್ಪ?"

"ಇವನು ಬಿದ್ದಾಗ ಚೈನ್ ಕಳಚಿತ್ತು. ಹಾಕಿಕೊಟ್ಟೆ."

"ಓಟ ನಿಲ್ಲಿಸಿ?"

"ನಿಲ್ಲದೆ ಹೇಗೆ ಹಾಕೋದು?"

ನಾನು ಹುಡುಗನನ್ನೇ ನೋಡುತ್ತ ನಿಂತೆ. ಆರು ದಿನ ಇವನು ಬೆನ್ನಟ್ಟಿದ್ದ ಲೂಡೊವಿಕ್ ನೆಲಕ್ಕೆ ಬಿದ್ದಿದ್ದ. ಸುಮ್ಮನೆ ತುಳಿದುಕೊಂಡು ಹೋಗಿದ್ದರೆ ಗೆಲುವು ಇವನದೇ. ಇವನು ಇಳಿದಿದ್ದ.

"ಆಗ ಲೂಡೊವಿಕ್ ಏನು ಮಾಡ್ತಿದ್ದ?"

"ಮೊಣಕೈ ಹಿಡ್ಕೊಂಡು ಕೂತಿದ್ದ. ಚೈನ್ ಮುಟ್ಟೋಕೂ ಆಗಲಿಲ್ಲ."

ಗಿಸ್ಲೇನ್ ನಿಧಾನವಾಗಿ ತಿರುಗಿದರು. "ಹಾಗಾದ್ರೆ ಲೂಡೊವಿಕ್, ನಿನ್ನ ಬೆರಳು ಯಾಕೋ ಕಪ್ಪಾಗಿದೆ?"

ಅವನು ಕೈ ಹಿಂದಕ್ಕೆ ಎಳೆದುಕೊಂಡ.

"ಎಲ್ಲರೂ ಎಮೆರಿಕ್‌ನ ಕೈ ನೋಡಿದ್ವಿ. ಮೋಸಹೋದವನ ಕೈ ಯಾರು ನೋಡ್ತಾರೆ? ಹಿಂದಿನ ಚಕ್ರ ಬಿಚ್ಚೋನು ಚೈನ್ ಎತ್ತಲೇಬೇಕು. ದಾರಿಯಲ್ಲಿ ನೀನು ಅದನ್ನ ಮುಟ್ಟಲೇ ಇಲ್ಲ. ಚಕ್ರ ಬದಲಾಯಿಸಿದ್ದು ನೀನೇ."

"ಗೆದ್ದಿದ್ದು ಅವನು ಮದಾಮ್" ಎಂದ ಲೂಡೊವಿಕ್. "ನನಗೋಸ್ಕರ ನಿಂತು ಸಮಯ ಕಳ್ಕೊಂಡ. ನಾನಾಗಿ ಗೆಲುವು ಕೊಟ್ರೆ ತಗೊಳ್ತಿರಲಿಲ್ಲ."

ಹದಿನೇಳರ ಹುಡುಗ. ಜೀವನವಿಡೀ ಮೋಸಗಾರ ಎನ್ನಿಸಿಕೊಳ್ಳಲು ಸಿದ್ಧನಾಗಿದ್ದ. ರೆಜಾನ್ ಟೋಪಿ ತೆಗೆದ.

ವ್ಯಾನಿನಿಂದ ನಿಜವಾದ ಚಕ್ರ ತರಿಸಿ ಅಳೆದೆವು. ಗೆರೆಯೊಳಗೇ ಇತ್ತು.

"ಗೇರಿನ ಮೋಸ ಅಂತ ಬರೆಯಲ್ಲ" ಎಂದರು ಗಿಸ್ಲೇನ್. "ಓಡಿಸಿದ ಚಕ್ರ ತಪಾಸಣೆಗೆ ತರಲಿಲ್ಲ ಅಂತ ಬರೀತೀನಿ. ಆದ್ರೂ ನೀನು ಹೊರಗೆ. ನಿಯಮ ನಿಯಮವೇ."

ಎಮೆರಿಕ್‌ನ ಮುಖ ಕೆಂಪಾಗಿತ್ತು. "ನಾನು ನಿಂತಿದ್ದು ನೀನು ಎದ್ದ ಮೇಲೆ ನಿನ್ನನ್ನ ಸೋಲಿಸೋಕೆ ಕಣೋ. ಆಗಲಿಲ್ಲ. ನೆಟ್ಟಗೆ ಸೋತೆ ಅಂತ ಹೇಳ್ಕೊಳ್ಳೋಕೂ ಬಿಡಲಿಲ್ಲವಲ್ಲೋ ನೀನು."

ಲೂಡೊವಿಕ್ ಆಗ ಅತ್ತ.

ವಿಜೇತನ ಜೆರ್ಸಿ ಬಂತು. ಎಮೆರಿಕ್ ಅದನ್ನು ತೊಡದೆ ಹೆಗಲಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ತಿರುಗಿದ.

"ಬಾರೋ. ಅಲ್ಲಿ ಒಬ್ಬನೇ ನಿಲ್ಲೋಕೆ ನನ್ನಿಂದಾಗಲ್ಲ."

ಅನರ್ಹನಾದವನು ವೇದಿಕೆ ಹತ್ತುವಂತಿಲ್ಲ. ಗಿಸ್ಲೇನ್ ವರದಿಗೆ ಸಹಿ ಹಾಕುತ್ತಿದ್ದರು. ಇಬ್ಬರೂ ಅತ್ತ ನಡೆದರೂ ತಲೆ ಎತ್ತಲಿಲ್ಲ.