ತಳವಿಲ್ಲದ ಬಟ್ಟಲು

ಸುಧೀರ ತನ್ನನ್ನು ತಾನೇ ಕಲಾವಿದ ಎಂದು ಕರೆದುಕೊಳ್ಳಲು ಶುರುಮಾಡಿದ್ದು ಮರ ಕಡೆಯುವ ಲೇತ್ ಮಶೀನು ಕೊಂಡ ಮೂರನೇ ವಾರಕ್ಕೆ. ಬಟ್ಟಲು ಇನ್ನೂ ನೆಟ್ಟಗೆ ಕೂರುತ್ತಿರಲಿಲ್ಲ, ವಿಸಿಟಿಂಗ್ ಕಾರ್ಡ್ ಮಾತ್ರ ಅಚ್ಚಾಗಿ ಬಂದಿತ್ತು. ವಾರವಿಡೀ ವೆರ್ಣಾದ ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ಭಾನುವಾರ ಖಾದಿ ಜುಬ್ಬಾ ತೊಟ್ಟು ಬಾಲ್ಕನಿಯಲ್ಲಿ ಮರದ ಹೊಟ್ಟು ಹಾರಿಸುತ್ತಿದ್ದ. ಅದೆಲ್ಲ ಎದುರು ಬಾಲ್ಕನಿಯಲ್ಲಿ ಪ್ರಾಚಿ ಒಣಹಾಕಿದ ಬಟ್ಟೆಯ ಮೇಲೆ ಬಂದು ಕೂರುತ್ತಿತ್ತು.

ಅವನನ್ನು ಕಂಡರೆ ಪ್ರಾಚಿಗೆ ತಾತ್ಸಾರ. ಇಂಥವನ ಮೇಲೆ ಮನಸ್ಸಿಟ್ಟ ತನ್ನ ಮೇಲೆ ಇನ್ನೂ ಹೆಚ್ಚು ತಾತ್ಸಾರ. ಎರಡು ವರ್ಷದಿಂದ ಕಣ್ಣಲ್ಲೇ ಮಾತಾಡುತ್ತಿದ್ದ ಮಹಾಶಯ ಬಾಯಿ ಬಿಟ್ಟರೆ ಬರೀ ಮರದ ಆತ್ಮದ ವಿಚಾರ. ಬರುವ ಭಾನುವಾರ ಬೆಳಗಾವಿಯಿಂದ ಗಂಡಿನವರು ಅವಳನ್ನು ನೋಡಲು ಬರುವವರಿದ್ದರು.

ಅವರಿದ್ದ ಮಂಗೋರ್ ಹಿಲ್ ಬಡಾವಣೆಯ ಕನ್ನಡಿಗರ ದಸರಾ ಕಾರ್ಯಕ್ರಮದಲ್ಲಿ ಸುಧೀರನಿಗೂ ಒಂದು ಟೇಬಲ್ಲು ಸಿಕ್ಕಿತು. ಒಂಬತ್ತು ಬಟ್ಟಲು, ಒಂಬತ್ತಕ್ಕೂ ಹೆಸರು. ನಡುವೆ ಹಲಸಿನ ಮರದ ಬಟ್ಟಲೊಂದಕ್ಕೆ ತಳವೇ ಇರಲಿಲ್ಲ. ಅದರ ಮುಂದಿನ ಚೀಟಿಯಲ್ಲಿ ‘ಶೂನ್ಯ’ ಎಂದು ಬರೆದಿತ್ತು.

ಬೀಚಿನಲ್ಲಿ ಮಣಿಸರ ಮಾರುವ ದುರ್ಗಾಬಾಯಿ ಅದರೊಳಗೆ ಕೈ ಹಾಕಿದಳು. ಬೆರಳು ಆಚೆ ಕಡೆ ಬಂತು.

“ಇದರಾಗ ಏನ್ ಹಾಕೂದು ತಮ್ಮಾ?”

“ಏನೂ ಹಾಕೂದಲ್ಲ ಮಾವಶಿ. ಒಳಗಿನ ಖಾಲಿತನ ನೋಡಬೇಕು.”

“ಖಾಲಿತನ ನಮ್ಮ ಮನ್ಯಾಗ ಭಾಳ ಐತಿ,” ಎಂದು ಅವಳು ಮುಂದೆ ಹೋದಳು.

ನಗು ನುಂಗಿಕೊಂಡು ಪ್ರಾಚಿ ಟೇಬಲ್ಲಿಗೆ ಬಂದಳು. ಅವನು ಜುಬ್ಬಾದ ತೋಳು ಸರಿಮಾಡಿಕೊಂಡ.

“ಏನ್ರಿ ಕಲಾವಿದರ, ತಳ ಎಲ್ಲಿ ಹೋತು?”

“ತಳ ಅನ್ನೂದು ಒಂದು ಬಂಧನರಿ.”

“ಹೌದಾ? ಮತ್ತ ಆ ದಿವ್ಸ ಬಾಲ್ಕನ್ಯಾಗ ‘ಅಯ್ಯೋ, ತೂತ ಬಿತ್ತಲ್ಲೋ’ ಅಂತ ಒದರಿದವ್ರು ಯಾರು?”

ಸುಧೀರನ ಮುಖ ಸಪ್ಪಗಾಯಿತು. ಪ್ರಾಚಿ ದನಿ ತಗ್ಗಿಸಿದಳು.

“ರವಿವಾರ ಬೆಳಗಾವಿಯವ್ರು ಬರಾಕತ್ತಾರ. ಒಂದರೆ ಖರೇ ಮಾತು ಹೇಳ್ರಿ. ಇಲ್ಲಾಂದ್ರ ನಾ ಹೊಂಟೆ.”

ಅವನು ಚೀಟಿ ತೆಗೆದು ಜೇಬಿಗೆ ಹಾಕಿಕೊಂಡ.

“ತಳ ಎಷ್ಟ ದಪ್ಪ ಉಳಿದೈತಿ ಅಂತ ಮಶೀನ್ ನಿಲ್ಲಿಸಿ ನೋಡಬೇಕಿತ್ತು. ನೋಡಲಿಲ್ಲ. ನೀವು ಕೂದಲಾ ಒಣಗಿಸಾಕತ್ತಿದ್ರಿ. ಉಳಿ ಒಳಗ ಹೋಗೇ ಬಿಡ್ತು.”

“ಉಳಿದ ಎಂಟು?”

“ಅವೂ ಹಂಗ ಕೆಟ್ಟುವು. ನನಗ ನೀವಂದ್ರ ಭಾಳ ಪ್ರೀತಿರಿ. ಹೇಳಾಕ ಧೈರ್ಯ ಇಲ್ದ ಕಲೆ ಅಂದೆ.”

ಪ್ರಾಚಿ ಆ ತಳವಿಲ್ಲದ ಬಟ್ಟಲನ್ನು ಕೈಗೆತ್ತಿಕೊಂಡಳು. ಇಷ್ಟು ಹೇಳಲು ಇವನಿಗೆ ಎರಡು ವರ್ಷ, ಅರ್ಧ ಮರದಷ್ಟು ಹಲಸು ಬೇಕಾಯಿತು. ಆದರೂ ಕೇಳಿದ್ದು ಹಿತವಾಗಿತ್ತು.

“ನಾಳೆ ಬಂದು ಇಷ್ಟ ನಮ್ಮಪ್ಪನ ಮುಂದ ಹೇಳ್ರಿ. ಏನ್ ಮಾಡ್ತೀರಿ ಅಂತ ಕೇಳಿದ್ರ ಸ್ಟೋರ್ಸ್ ಅನ್ರಿ. ಕಲಾವಿದ ಅಂದ್ರ, ಬೆಳಗಾವಿಯವ್ರಿಗೆ ನಾನ ಹೂಂ ಅಂತೇನಿ.”

ಮರುದಿನ ಅವನು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದ. ಅಪ್ಪ ಕೇಳಿಯೇ ಕೇಳಿದರು.

“ವೆರ್ಣಾದಾಗ ಸ್ಟೋರ್ಸ್ ನೋಡ್ಕೋತೇನ್ರಿ.”

“ಮತ್ತ ರವಿವಾರ?”

ಸುಧೀರ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದ.

“ರವಿವಾರ ನಿಮ್ಮ ಮಗಳನ್ನ ನೋಡ್ಕೋತ ಮರ ಹಾಳ ಮಾಡ್ತೇನ್ರಿ.”

ಅಪ್ಪ ಜೋರಾಗಿ ನಕ್ಕು, ಬೆಳಗಾವಿಯವರಿಗೆ ಬರಬೇಡಿ ಎಂದು ಹೇಳಲು ಫೋನ್ ತೆಗೆದುಕೊಂಡರು. ಒಳಗೆ ಪ್ರಾಚಿ ಚಹಾದ ಪಾತ್ರೆಗೆ ಇನ್ನೊಂದು ಕಪ್ ನೀರು ಹಾಕಿದಳು.