ಎಲ್ಲರಿಗೂ ಲಿಖಿತಾಳ ನಂಬರ್

“ಇಷ್ಟೊಂದು ಜನ ರೋಗಿಗಳಿಗೆ ಒಂದೇ ಮೊಬೈಲ್ ನಂಬರ್... ಅದೂ ನಿಮ್ಮದೇ. ಇವರೆಲ್ಲ ನಿಜವಾಗ್ಲೂ ಇದ್ದಾರಾ ಮೇಡಂ?”

ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್ ಪಕ್ಕದ ಆರೋಗ್ಯ ಕೇಂದ್ರದಲ್ಲಿ ನರ್ಸ್ ಆಗಿದ್ದ ಲಿಖಿತಾಳ ಮೈಯೆಲ್ಲ ಉರಿದುಹೋಯಿತು. ಕೇಳಿದವನು ಆಕರ್ಷ. ಬಿಪಿ, ಶುಗರ್ ರೋಗಿಗಳ ವಿವರ ಆ್ಯಪ್‌ನಲ್ಲಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡಲು ಶಿವಮೊಗ್ಗದ ಜಿಲ್ಲಾ ಆರೋಗ್ಯ ಕಚೇರಿಯಿಂದ ಬಂದವನು. ಅವನು ‘ಸುಳ್ಳು ಎಂಟ್ರಿ’ ಎಂದು ಬರೆದುಬಿಟ್ಟರೆ ಅವಳ ಗುತ್ತಿಗೆ ಕೆಲಸಕ್ಕೆ ಅಲ್ಲಿಗೇ ಎಳ್ಳುನೀರು!

“ಬನ್ನಿ, ತೋರಿಸ್ತೀನಿ,” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಮೊದಲ ಮನೆ ಶುಗರ್ ಇರುವ ಸರ್ವರ್ ಬೀ ಅಜ್ಜಿಯದು. ಆಕರ್ಷ ಫೋನ್ ನಂಬರ್ ಕೇಳಿದ್ದಕ್ಕೆ ಅಜ್ಜಿ ನಕ್ಕುಬಿಟ್ಟರು.

“ನನ್ನ ಹತ್ರ ಎಲ್ಲಿದೆ ಬೇಟಾ ಫೋನು? ಒಟಿಪಿ ಬರದೆ ಹೆಸರು ಹತ್ತೋದೇ ಇಲ್ವಂತೆ. ಈ ಹುಡುಗಿನೇ ತನ್ನ ನಂಬರ್ ಕೊಟ್ಲು. ಅಲ್ಲಾ ಅವಳನ್ನ ಚೆನ್ನಾಗಿಟ್ಟಿರ್ಲಿ.”

ಪಕ್ಕದ ಮನೆಯ ಜಂಬಣ್ಣನೂ ಅದನ್ನೇ ಹೇಳಿದರು.

ಹಿಂದಿರುಗುವಾಗ ಆಕರ್ಷ ಮೆಲ್ಲಗೆ ಕೇಳಿದ, “ಈ ಆ್ಯಪ್ ಅಂದ್ರೆ ನಿಮಗೆ ಸಿಟ್ಟಾ?”

“ಶುಗರ್ ನೋಡೋಕ್ಕಿಂತ ಅದನ್ನ ತುಂಬೋಕೇ ಜಾಸ್ತಿ ಹೊತ್ತು ಹಿಡಿಯುತ್ತೆ. ಆದ್ರೆ ಮಾತ್ರೆ ತಗೊಳ್ಳೋಕೆ ಯಾರು ಬಂದಿಲ್ಲ ಅಂತ ತಿಳಿಯೋದೂ ಅದರಿಂದ್ಲೇ. ಫೋನ್ ಇಲ್ಲ ಅಂತ ಇವರನ್ನ ಹೇಗೆ ಬಿಡ್ಲಿ ಸರ್?”

ಅವನು ಪುಸ್ತಕದಲ್ಲಿ ಏನೋ ಬರೆದುಕೊಂಡು ಬಸ್ ಹತ್ತಿದ. ಒಂದೇ ಒಂದು ಸಮಾಧಾನದ ಮಾತು ಆಡಿದ್ದರೆ ಇವನ ಗಂಟೇನು ಹೋಗುತ್ತಿತ್ತು! ‘ಕಲ್ಲು ಮನಸ್ಸಿನವನು...’ ಎಂದು ಲಿಖಿತಾ ವಾರವಿಡೀ ಬೈದುಕೊಂಡಳು. ಅವನ ಮುಖ ಮರೆಯಲಾಗದ್ದಕ್ಕೆ ತನ್ನನ್ನೂ ಬೈದುಕೊಂಡಳು.

ಆಮೇಲೆ ವೈದ್ಯಾಧಿಕಾರಿಯ ಕರೆ ಬಂತು. ಅವಳ ಗುತ್ತಿಗೆ ಮುಂದುವರಿದಿತ್ತು! ತಪ್ಪು ಲಿಖಿತಾಳದಲ್ಲ, ಫೋನಿಲ್ಲದವರಿಗೆ ಆ್ಯಪ್‌ನಲ್ಲಿ ದಾರಿಯೇ ಇಲ್ಲ ಎಂದು ಆಕರ್ಷ ಮೇಲಿನವರ ಹತ್ತಿರ ವಾದ ಮಾಡಿದ್ದನಂತೆ. ಬೈಸಿಕೊಂಡರೂ ಬಿಟ್ಟುಕೊಡಲಿಲ್ಲವಂತೆ. ಅವಳ ಕಣ್ಣು ತುಂಬಿ ಬಂತು.

ಮರುದಿನ ಅವನೇ ಕೇಂದ್ರದ ಬಾಗಿಲಲ್ಲಿ ನಿಂತಿದ್ದ.

“ಅವತ್ತೇ ಒಂದು ಮಾತು ಹೇಳ್ಬಾರದಿತ್ತಾ?” ಎಂದಳು.

“ಆಗದೆ ಹೋದ್ರೆ ಸುಮ್ನೆ ಆಸೆ ತೋರಿಸಿದ ಹಾಗಾಗುತ್ತೆ ಅಂತ ಭಯ ಆಯ್ತು.”

“ನೀವು ನನ್ನನ್ನ ನಂಬಿದ್ರಿ. ಅದನ್ನ ಸಾಯೋತನಕ ಮರೆಯಲ್ಲ.”

ಅವನು ತಲೆ ತಗ್ಗಿಸಿದ. “ಲಿಖಿತಾ... ಅವತ್ತಿಂದ ನೀವೇ ಮನಸ್ಸಲ್ಲಿ ಕೂತಿದ್ದೀರಿ. ಭಾನುವಾರ ಅಮ್ಮನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ?”

ಅವಳ ಎದೆ ಡವಡವ ಹೊಡೆದುಕೊಂಡಿತು. ಆದರೆ ಬಾಯಿಗೆ ಬಂದದ್ದು ದಿನವೂ ಎಲ್ಲರನ್ನೂ ಕೇಳುವ ಪ್ರಶ್ನೆ.

“ಅಮ್ಮನಿಗೆ ಶುಗರ್ ಇದೆಯಾ?”

“ಇದೆ. ಯಾಕೆ?”

“ಹಾಗಾದ್ರೆ ಕೇಸರಿಬಾತ್ ಬೇಡ. ಬರೀ ಉಪ್ಪಿಟ್ಟು ಮಾಡ್ತೀನಿ... ಕರ್ಕೊಂಡು ಬನ್ನಿ.”